ಹತ್ತು ತಿಂಗಳ ಕೂಸು ಮತ್ತು ಹಿಮದ ಊರು

ಹತ್ತು ತಿಂಗಳ ಮಗಳನ್ನು ಕಟ್ಟಿಕೊಂಡು ಹಿಮದೂರಿಗೆ ರಜೆಗೆ ಹೊರಟಿದ್ದೇವೆ ಅಂದಾಗ ಊರಿನವರೆಲ್ಲ ಕೇಳಿದ್ದು ಚಳಿಯ ಬಗ್ಗೆಯೇ. ಚಳಿಗೆ ಬಟ್ಟೆ ಇದೆ. ತಳ್ಳುಗಾಡಿಯ ಚಕ್ರಕ್ಕೆ ಏನು ಮಾಡೋದು? ಮುಂದಿನ ಪುಟ್ಟ ಚಕ್ರಕ್ಕೆ ಹಿಮ ಮೆತ್ತಿಕೊಂಡು ಅಡ್ಡ ನಿಂತರೆ ಮುಗೀತು, ಗಾಡಿ ತಿರುಗಿಸಿ ಹಿಮ್ಮುಖವಾಗಿ ಎಳೆಯಬೇಕು. ಅದಕ್ಕೇ ನಾವು ಚಕ್ರ ಬೇಕಾಗದ ಊರನ್ನೇ ಹುಡುಕಿದೆವು.

ನಾವಿರುವುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಹೋಗಿದ್ದು ಅದೇ ದೇಶದ ಬೆಟ್ಟದೂರು ವೆಂಗೆನ್‌ಗೆ. ಅಲ್ಲಿಗೆ ನಮ್ಮಂಥವರ ಕಾರು ಹೋಗುವುದಿಲ್ಲ. ಕೆಳಗಿನ ಕಣಿವೆಯ ಊರು ಲೌಟರ್‌ಬ್ರುನ್ನೆನ್‌ನಲ್ಲಿ ಇಳಿದು, ಹಳಿಗಳ ನಡುವೆ ಹಲ್ಲುಪಟ್ಟಿ ಇರುವ, 1893ರಿಂದ ಓಡುತ್ತಿರುವ ಬೆಟ್ಟದ ರೈಲು ಹತ್ತಬೇಕು. ಕೂಸಿದ್ದವರಿಗೆ ಇದೇ ಅನುಕೂಲ. ಕಾರಿನಲ್ಲಾದರೆ ಮಗುವಿನ ಸೀಟಿನ ಬೆಲ್ಟ್ ಒಳಗೆ ದಪ್ಪ ಜಾಕೆಟ್ ಇರಬಾರದು. ಗಾಡಿ ಗುದ್ದಿದಾಗ ಜಾಕೆಟ್ ಅಮುಕಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ಹಾಗಾಗಿ ಪ್ರತಿ ಸಲ ಬಿಚ್ಚು, ಮತ್ತೆ ಹಾಕು. ರೈಲಿನಲ್ಲಿ ಆ ರಗಳೆ ಇಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೂ ಇಲ್ಲ.

ಅಮ್ಮ ಶಿವಮೊಗ್ಗದಿಂದ ಬಂದಿದ್ದಳು. ಅವಳಿಗೆ ಬೆಟ್ಟದ ಎತ್ತರದ್ದೇ ಯೋಚನೆ. ವೆಂಗೆನ್ ಇರುವುದು 1,274 ಮೀಟರಿನಲ್ಲಿ, ನಂದಿ ಬೆಟ್ಟವೇ 1,478 ಮೀಟರ್ ಅಂತ ಹೇಳಿದ ಮೇಲೆ ಸುಮ್ಮನಾದಳು. ಅದೇ ರೈಲು ದಾರಿಯಲ್ಲಿ ಮುಂದೆ ಹೋದರೆ ಸಿಗುವ ಯೂಂಗ್‌ಫ್ರೌಯೋಖ್ ಮಾತ್ರ 3,454 ಮೀಟರ್. ಅಷ್ಟು ಮೇಲಕ್ಕೆ ಒಂದೇ ಸಲ ಹತ್ತಿದರೆ ದೊಡ್ಡವರಿಗೇ ತಲೆನೋವು ಬರಬಹುದು, ಕೂಸು ಹೇಳಿಕೊಳ್ಳೋದು ಹೇಗೆ? ಅದನ್ನು ಕೈಬಿಟ್ಟೆವು.

ಊರೊಳಗೆ ಓಡಾಡುವಾಗ ಮಗಳು ನನ್ನ ಎದೆಗೆ ಕಟ್ಟಿದ ಕ್ಯಾರಿಯರ್‌ನಲ್ಲಿ. ಮೇಲೆ ಇವರ ದೊಡ್ಡ ಜಾಕೆಟ್, ಇಬ್ಬರಿಗೂ ಸೇರಿ ಒಂದೇ. ನನ್ನ ಮೈಯ ಕಾವೇ ಸಿಗುವುದರಿಂದ ಒಳಗೆ ಉಣ್ಣೆಯ ಬನಿಯನ್ ಮತ್ತು ಒಂದು ಸ್ವೆಟರ್ ಸಾಕಾಯಿತು. ಬೆಚ್ಚಗಿದ್ದಾಳಾ ಅಂತ ನೋಡೋಕೆ ಕತ್ತಿನ ಹಿಂಭಾಗ ಮುಟ್ಟಬೇಕು. ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ ಅಂತ. ಅಂಗೈ ತಣ್ಣಗಿದ್ದರೆ ಅಷ್ಟು ಗಾಬರಿ ಬೇಡ, ಆದರೆ ಕಾಲಿನ ವಿಷಯ ಹಾಗಲ್ಲ. ಕ್ಯಾರಿಯರ್‌ನಲ್ಲಿ ಕಾಲು ಸುಮ್ನೆ ನೇತಾಡುತ್ತಿರುತ್ತದೆ, ಆಡಿಸುವುದಿಲ್ಲ, ಬೇಗ ಜೋಮು ಹಿಡಿಯುತ್ತದೆ. ಸಡಿಲವಾದ ಉಣ್ಣೆ ಕಾಲುಚೀಲ ಹಾಕಿ, ಆಗಾಗ ಪಾದ ಹಿಡಿದು ತಿಕ್ಕುತ್ತಿದ್ದೆ. "ಕುಲಾವಿ ಸರಿಯಾಗಿ ಕಟ್ಟೇ, ಕಿವಿಗೆ ಗಾಳಿ ಹೋಗತ್ತೆ" ಅಂತ ಅಮ್ಮನ ರಾಗ ಇದ್ದೇ ಇತ್ತು. ಕಿವಿ ಮುಚ್ಚಲಿ, ಮೂಗು ಮಾತ್ರ ಸದಾ ಆಚೆ ಕಾಣಬೇಕು.

ಎದೆಯ ಮೇಲೆ ಮಗು ಇದ್ದರೆ ನಮ್ಮ ಪಾದ ನಮಗೇ ಕಾಣುವುದಿಲ್ಲ. ಹಿಮಕ್ಕಿಂತ ಕರಗಿ ಮತ್ತೆ ಗಟ್ಟಿಯಾದ ಮಂಜುಗಡ್ಡೆ ಅಪಾಯ. ಬೂಟಿನ ಮೇಲೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿ ಸಿಗುತ್ತದೆ. ಅದಿಲ್ಲದೆ ನಾನು ಬಾಗಿಲು ದಾಟುತ್ತಿರಲಿಲ್ಲ. ಇವರು ಒಂದು ಹೆಜ್ಜೆ ಮುಂದೆ ನಡೆದು "ಇಲ್ಲಿ ಜಾರುತ್ತೆ" ಅನ್ನುತ್ತಿದ್ದರು.

ದೂರ ಹೋಗಲು ಬೆನ್ನಿಗೆ ಆಸರೆ ಇರುವ, ಹಿಮದ ಮೇಲೆ ಎಳೆದೊಯ್ಯುವ ಮರದ ಜಾರುಬಂಡಿ (ಸ್ಲೆಡ್ಜ್) ಬಾಡಿಗೆಗೆ ತಗೊಂಡೆವು. ಮಗು ತಾನಾಗಿ ಕೂರುವಂತಿದ್ದರೆ ಮಾತ್ರ ಇದು ಸರಿ. ಕೆಳಗೆ ಕುರಿಚರ್ಮ ಹಾಸಿ, ಸುತ್ತ ಕಂಬಳಿ ಕಟ್ಟಿ ಕೂರಿಸಿದೆವು. ಎಳೆಯುವವರ ಬೂಟಿನಿಂದ ಚಿಮ್ಮುವ ಹಿಮ ಸೀದಾ ಕೂಸಿನ ಮುಖಕ್ಕೆ ಬರುತ್ತದೆ, ಹಾಗಾಗಿ ಹಗ್ಗ ಉದ್ದ ಇರಬೇಕು. ಇಳಿಜಾರಿನಲ್ಲಿ ಸ್ಲೆಡ್ಜ್ ತಾನೇ ಓಡಿಬಂದು ಹಿಮ್ಮಡಿಗೆ ಗುದ್ದುತ್ತದೆ. ಅದಕ್ಕೆ ಹಿಂದೆಯೂ ಒಂದು ಹಗ್ಗ ಕಟ್ಟಿ ನಾನು ಹಿಡಿದುಕೊಳ್ಳುತ್ತಿದ್ದೆ. ಚಳಿಗಾಲದ ನಡಿಗೆ ದಾರಿಗಳಿಗೆ ಅಲ್ಲಿ ಗುಲಾಬಿ ಬಣ್ಣದ ಫಲಕ ಇರುತ್ತದೆ. ಅದನ್ನು ಹಿಡಿದು ಹೋದರೆ ಸ್ಕೀ ಮಾಡುವವರ ಮಧ್ಯೆ ಸಿಕ್ಕಿಕೊಳ್ಳುವ ಭಯ ಕಡಿಮೆ. "ಇವಳನ್ನ ಇಳಿಸ್ರೋ, ನಾನು ಕೂರ್ತೀನಿ" ಅಂತ ಅಮ್ಮ ಒಂದು ಸುತ್ತು ಹೋಗಿಯೂ ಬಂದಳು.

ಊಟಕ್ಕೆ ಫ್ಲಾಸ್ಕಿನಲ್ಲಿ ರಾಗಿ ಸರಿ. ಕೂತಷ್ಟೂ ಗಟ್ಟಿಯಾಗುತ್ತದೆ, ನೀರಾಗಿಯೇ ಮಾಡಿಕೊಳ್ಳಿ. ಡೈಪರ್ ಕೆಲಸವೆಲ್ಲ ಹೋಟೆಲಿನಲ್ಲೋ ಸ್ಟೇಷನ್ನಿನಲ್ಲೋ.

ಬಿಸಿಲನ್ನು ಯಾರೂ ಲೆಕ್ಕಕ್ಕೆ ಇಡೋದಿಲ್ಲ. ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ ಶೇ. 80ರವರೆಗೂ ವಾಪಸ್ ಎಸೆಯುತ್ತದೆ. ಬಿಸಿಲು ಕೆಳಗಿನಿಂದಲೂ ಬಂದಂತೆ, ಅಲ್ವಾ? ಮಗಳಿಗೆ ಪಟ್ಟಿ ಕಟ್ಟುವ ಕನ್ನಡಕ ಹಾಕಿದೆವು. ಕಿತ್ತೆಸೆದಳು. ಮತ್ತೆ ಹಾಕಿದೆವು.

ಊರಿನ ಮೇಲಿರುವ ಮೆನ್‌ಲಿಖೆನ್ ಬೆಟ್ಟಕ್ಕೆ ಕೇಬಲ್ ಕಾರಿನಲ್ಲಿ ಹೋದೆವು. ಕೆಲವೇ ನಿಮಿಷದಲ್ಲಿ 2,200 ಮೀಟರ್ ದಾಟುತ್ತದೆ, ಕಿವಿ ಕಟ್ಟುತ್ತದೆ. ನುಂಗುತ್ತಿದ್ದರೆ ಕಿವಿ ಬಿಡುತ್ತದೆ, ಹಾಗಾಗಿ ಹತ್ತುವಾಗ ಹಾಲು ಕುಡಿಸಿದೆ. ಇಳಿಯುವಾಗ ತೊಂದರೆ ಇನ್ನೂ ಜಾಸ್ತಿ. ನಿದ್ದೆ ಮಾಡುತ್ತಿದ್ದವಳನ್ನು ಎಬ್ಬಿಸಿಯೇ ಕುಡಿಸಿದೆ. ಅವಳು ಆರಾಮಾಗಿದ್ದಳು. ಕಿವಿ ಕಟ್ಟಿದ್ದು ಅಮ್ಮನಿಗೆ. ಜೇಬಿನಲ್ಲಿದ್ದ ಶುಂಠಿ ಪೆಪ್ಪರ್‌ಮೆಂಟ್ ಒಂದನ್ನು ಅವಳಿಗೆ ಕೊಟ್ಟೆ.