ನಾಲ್ಕು ಒಲೆ ಉರಿದರೆ ನಾಲ್ಕು ಕೆಲಸ ಆದಂತಲ್ಲ

ಬೆಳಿಗ್ಗೆ ಗ್ಯಾಸಿನ ನಾಲ್ಕೂ ಬರ್ನರ್ ಹಚ್ಚಿಟ್ಟು, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಒಗ್ಗರಣೆ ಹಾಕುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಅತ್ತ ಹಾಲು ಉಕ್ಕುತ್ತದೆ, ಇತ್ತ ಸಾಸಿವೆ ಸೀಯುತ್ತದೆ, ಕೊನೆಗೆ ಟೈಮೇ ಸಾಲಲ್ಲ ಅನ್ನುವ ಗೋಳು. ಸಾಲುತ್ತದೆ ಕಣ್ರಮ್ಮಾ. ಯಾವುದು ತನ್ನಷ್ಟಕ್ಕೆ ಆಗುವ ಕೆಲಸ, ಯಾವುದಕ್ಕೆ ಎದುರಿಗೇ ನಿಂತಿರಬೇಕು ಅನ್ನೋದು ಗೊತ್ತಿರಬೇಕು ಅಷ್ಟೇ.

ಬೇಳೆ ಬೇಯಲು, ಕಾಳು ನೆನೆಯಲು, ದೋಸೆ ಹಿಟ್ಟು ಹುಳಿ ಬರಲು ನೀವು ಬೇಕಿಲ್ಲ. ಇಂಥವನ್ನು ಎಷ್ಟಾದರೂ ಒಟ್ಟಿಗೆ ಇಡಿ. ಹಾಲು, ಒಗ್ಗರಣೆ, ರವೆ ಹುರಿಯುವುದು, ಬೆಲ್ಲದ ಪಾಕ, ಇವು ಮಾತ್ರ ಒಂದು ಹೊತ್ತಿಗೆ ಒಂದೇ. ಹಿಂದೆ ಕೋಡೊಲೆ, ಅಂದರೆ ಒಂದೇ ಉರಿಗೆ ಎರಡು ಬಾಯಿರುವ ಸೌದೆ ಒಲೆ, ಇತ್ತಲ್ಲ, ಮುಂದಿನ ಬಾಯಲ್ಲಿ ಹುಳಿ ಕುದಿಯುತ್ತಿದ್ದರೆ ಬರೀ ಝಳ ತಾಗುವ ಕೋಡಿನ ಮೇಲೆ ನೀರು ಬೆಚ್ಚಗೆ ಕೂತಿರುತ್ತಿತ್ತು. ಸೌದೆ ಒಟ್ಟುವುದು ಒಂದೇ ಕಡೆ, ಕಣ್ಣೂ ಒಂದೇ ಕಡೆ.

ಮೊದಲು ಕುಕ್ಕರ್ ಇಡಿ. ತಳಕ್ಕೆ ಎರಡು ಬೆರಳು ನೀರು, ಕೆಳಗಿನ ಪಾತ್ರೆಯಲ್ಲಿ ತೊಗರಿಬೇಳೆ, ಮೇಲಿನದರಲ್ಲಿ ಅಕ್ಕಿ. ಬೇಳೆಗೆ ಅರಿಶಿನ, ಒಂದು ತೊಟ್ಟು ಎಣ್ಣೆ. ಹುಣಸೆಹುಳಿ ಈಗಲೇ ಸೇರಿಸಿದರೆ ಬೇಳೆ ಕರಗುವುದಿಲ್ಲ. ಮೊದಲ ವಿಷಲ್ ಆದ ಮೇಲೆ ಉರಿ ಸಣ್ಣಗೆ ಮಾಡಿ. ಆರಿಸಿದ ಮೇಲೆ ವೆಯ್ಟ್ ಎತ್ತಿ ಹಬೆ ಬಿಡುವ ಅವಸರ ಬೇಡ. ಅದು ತಾನಾಗಿ ಇಳಿಯುವ ಹೊತ್ತಿಗೆ ಕಾಯಿ ತುರಿದು, ಊಟದ ಡಬ್ಬಿ ಒರೆಸಿಟ್ಟುಕೊಳ್ಳಬಹುದು.

ಇನ್ನು ಒಗ್ಗರಣೆ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಒಲೆ ಹಚ್ಚುವ ಮೊದಲೇ ಒಂದು ಸಣ್ಣ ತಟ್ಟೆಯಲ್ಲಿ, ಹಾಕುವ ಸರದಿಯಲ್ಲೇ ಎಡದಿಂದ ಬಲಕ್ಕೆ ಗುಡ್ಡೆ ಮಾಡಿಕೊಳ್ಳಿ: ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಮುರಿದ ಒಣಮೆಣಸಿನಕಾಯಿ, ಇಂಗು, ಕರಿಬೇವು. ಕರಿಬೇವನ್ನು ಬಟ್ಟೆಯಲ್ಲಿ ಒರೆಸಿರಬೇಕು, ನೀರಿದ್ದರೆ ಮುಖಕ್ಕೇ ಸಿಡಿಯುತ್ತದೆ. ಎಣ್ಣೆ ಕಾದ ಮೇಲೆ ಒಂದೇ ಒಂದು ಸಾಸಿವೆ ಕಾಳು ಹಾಕಿ ನೋಡಿ. ತಕ್ಷಣ ಚಟ್ ಅಂದರೆ ಮಿಕ್ಕದ್ದು ಹಾಕಿ, ಸುಮ್ಮನೆ ತಳಕ್ಕೆ ಕೂತರೆ ಇನ್ನೂ ಕಾಯಿರಿ. ಸಿಡಿಯದ ಸಾಸಿವೆ ಹಲ್ಲಿಗೆ ಸಿಕ್ಕರೆ ಕಹಿ. ಚಟಪಟ ತಗ್ಗುತ್ತಿದ್ದಂತೆ ಉರಿ ಇಳಿಸಿ ಕಡಲೆಬೇಳೆ, ಅದು ಬಣ್ಣ ತಿರುಗಲು ಹೊತ್ತು ಬೇಕು. ಆಮೇಲೆ ಉದ್ದು. ಎರಡೂ ಹೊಂಬಣ್ಣಕ್ಕೆ ಬರುತ್ತಿರುವಾಗಲೇ ಮೆಣಸಿನಕಾಯಿ ಹಾಕಿ ಒಲೆ ಆರಿಸಿ. ಪೂರ್ತಿ ಕೆಂಪಾಗಲಿ ಅಂತ ಕಾದರೆ ಎಣ್ಣೆಯ ಬಿಸಿಗೇ ಕಪ್ಪಾಗುತ್ತವೆ. ಆರಿಸಿದ ಮೇಲೆ ಇಂಗು, ಕಡೆಗೆ ಕರಿಬೇವು. ಎಲ್ಲ ಸೇರಿ ಎರಡು ನಿಮಿಷ. ಅಷ್ಟು ಹೊತ್ತು ಫೋನ್ ಬಡಿದುಕೊಳ್ಳಲಿ, ಬಾಗಿಲ ಬೆಲ್ ಆಗಲಿ, ಕದಲಬೇಡಿ. ಹೋಗಲೇಬೇಕಾದರೆ ಒಲೆ ಆರಿಸಿ ಹೋಗಿ.

ಬಟ್ಟೆಯ ಮಷಿನ್ನೂ ಹೀಗೇ. ಅದು ಒಗೆದು ಕೊಡುತ್ತದೆ, ಹರವುವವರು ನಾವೇ ತಾನೆ? ಹೊರಡುವಾಗ ಹಾಕಿ ಸಂಜೆ ತೆಗೆದರೆ ಮುಗ್ಗಲು ವಾಸನೆ, ಮತ್ತೆ ಒಗೆಯಬೇಕು.

ತೀರಾ ಗಡಿಬಿಡಿಯ ದಿನ ಪಲ್ಯ ಬಿಡಿ, ಇಸ್ತ್ರಿ ಬಿಡಿ, ನೆಲ ಒರೆಸುವುದೂ ನಾಳೆಗಿರಲಿ. ಅನ್ನ, ತೊವ್ವೆ, ಮಜ್ಜಿಗೆ, ಉಪ್ಪಿನಕಾಯಿ ಇದ್ದರೆ ಯಾರೂ ಸೊರಗುವುದಿಲ್ಲ. ಆದರೆ ರಾತ್ರಿ ಎಷ್ಟೇ ದಣಿದಿದ್ದರೂ ಸಿಂಕ್ ಖಾಲಿ ಮಾಡಿ, ಕಾಳು ನೆನೆಹಾಕಿ, ಹಾಲಿಗೆ ಹೆಪ್ಪು ಹಾಕಿಯೇ ಮಲಗಿ. ಇವನ್ನು ಬಿಟ್ಟರೆ ಮರುದಿನದ ಬೆಳಗು ಪೂರ್ತಿ ಕೆಡುತ್ತದೆ. ಹೆಪ್ಪು ಹಾಕುವ ಹಾಲು ಉಗುರುಬೆಚ್ಚಗಿರಲಿ. ಬಿಸಿ ಹೆಚ್ಚಾದರೆ ಮೊಸರು ನೀರು ಬಿಡುತ್ತದೆ, ತಣ್ಣಗಿದ್ದರೆ ಬೆಳಗಾದರೂ ಹಾಲು ಹಾಲಾಗಿಯೇ ಇರುತ್ತದೆ.