ನದಿ ದಂಡೆಯ ನಿಮ್ಮೂರಿನ ಚರಿತ್ರೆ ಬರೆಯುವುದು ಹೇಗೆ?

ಮಿರ್ಜಾನ ಕೋಟೆಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅದೇ ಅಘನಾಶಿನಿಯ ದಂಡೆಯ ಸಣ್ಣ ಕೇರಿಗಳನ್ನು ಕೇಳುವವರಿಲ್ಲ. ಅಲ್ಲಿಯವರೇ ಬರೆಯಬೇಕು. ಕುಮಟಾ ಕಡೆಯ ನಮ್ಮೂರಿನ ಸುದ್ದಿ ಕೂಡಿಸುತ್ತಾ ನಾನು ಕಂಡುಕೊಂಡ ದಾರಿ ಇದು.

ರಾಜರನ್ನು ಸದ್ಯಕ್ಕೆ ಬಿಡಿ, ನೀರಿನಿಂದ ಶುರು ಮಾಡಿ. ಸೇತುವೆ ಬರುವ ಮೊದಲು ತಾರಿ ಎಲ್ಲಿತ್ತು? ದೋಣಿ ಯಾರದ್ದು? ದಾಟಿಸಿದ್ದಕ್ಕೆ ಕೊಡುತ್ತಿದ್ದುದು ದುಡ್ಡೋ, ಭತ್ತವೋ?

ಹಿರಿಯರ ಹತ್ತಿರ ಹೋಗಿ "ಊರಿನ ಇತಿಹಾಸ ಹೇಳಿ" ಎಂದರೆ "ಎಂತದೂ ಇಲ್ಲ ಮಾರಾಯ" ಎಂದುಬಿಡುತ್ತಾರೆ. ಅವರು ಮಾಡಿದ ಕೆಲಸ ಕೇಳಿ. ನಮ್ಮ ಪಕ್ಕದ ಮನೆಯ ಅಜ್ಜಿ ಗಜನಿಯ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಯ, ಮಾತೆತ್ತಿದರೆ ಸಂಜೆಯವರೆಗೂ ನಿಲ್ಲಿಸುವುದಿಲ್ಲ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತ, ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಲ್ಲೇ ಬಿಡುವುದು, ಆಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಗದ್ದೆಗೆ ನೀರು ಬಿಡುವ, ತಡೆಯುವ ಜಂತ್ರಡಿಯ ಹಲಗೆ ಯಾವಾಗ ಎತ್ತಬೇಕು, ಒಡ್ಡು ಒಡೆದರೆ ಯಾರ್ಯಾರು ಮಣ್ಣು ಹೊರಬೇಕು ಎನ್ನುವುದಕ್ಕೆಲ್ಲ ಕಟ್ಟಳೆ ಇತ್ತು. ನನಗೆ ಊರಿನ ಚರಿತ್ರೆ ಎಂದರೆ ಮೊದಲು ಇದೇ. ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಹಾಲಕ್ಕಿಯವರ ಮಾತಿರಲಿ, ಕೊಂಕಣಿ ಇರಲಿ, ಆಡಿದ ಹಾಗೇ ಬರೆದಿಡಿ. ತಿದ್ದಬೇಡಿ. ಇದನ್ನು ಮುಂದಿನ ವರ್ಷಕ್ಕೆ ಇಡಲೂ ಬೇಡಿ. ಹೇಳುವವರು ಕಡಿಮೆಯಾಗುತ್ತಿದ್ದಾರೆ.

ಅಂಕೋಲಾ, ಸಿದ್ದಾಪುರ ಕಡೆಯವರಾದರೆ 1930ರ ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆಯ ಮಾತನ್ನೂ ತೆಗೆಯಿರಿ. ಜಮೀನು ಜಪ್ತಿಯಾದ ಮನೆಗಳಲ್ಲಿ ಗಂಡಸರ ಜೈಲಿನ ಕಥೆ ಬೇಗ ಸಿಗುತ್ತದೆ. ಆಗ ಒಲೆ ಹೇಗೆ ಉರಿಯಿತು ಎಂದು ಹೆಂಗಸರನ್ನು ಕೇಳಿ.

ಇನ್ನು ಕಲ್ಲುಗಳು. ವೀರಗಲ್ಲನ್ನು ಕೆಳಗಿನಿಂದ ಮೇಲೆ ಓದಬೇಕು: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ಸೂರ್ಯ ಚಂದ್ರ. ಸವೆದ ಕೆತ್ತನೆ ನಡುಮಧ್ಯಾಹ್ನ ಕಾಣುವುದೇ ಇಲ್ಲ. ಬೆಳಗಿನ ಓರೆ ಬಿಸಿಲಲ್ಲಿ ಹೋಗಿ, ಇಲ್ಲವೇ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಅಕ್ಷರ ಎದ್ದು ಬರುತ್ತದೆ! ಫೋಟೊದಲ್ಲಿ ಒಂದು ಸ್ಕೇಲೂ ಇರಲಿ. ಸೀಮೆಸುಣ್ಣ, ಎಣ್ಣೆ, ಬಣ್ಣ ಹಚ್ಚಬೇಡಿ, ಕಲ್ಲನ್ನು ಜಾಗದಿಂದ ಕದಲಿಸಬೇಡಿ. ಅಕ್ಷರವಿದ್ದರೆ ಪುರಾತತ್ವ ಇಲಾಖೆಗೆ ತಿಳಿಸಿ.

ಕಾಗದಪತ್ರ ಕೊನೆಗೆ ಸಾಕು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈಗೆ ಸೇರಿತು. ಹಾಗಾಗಿ ಹಳೆಯ ದಾಖಲೆಗೆ ಎರಡೂ ಕಡೆ ಹುಡುಕಬೇಕು. 1883ರ ಮುಂಬೈ ಗ್ಯಾಜೆಟಿಯರಿನ ಕೆನರಾ ಸಂಪುಟದಲ್ಲಿ ನಿಮ್ಮ ಬಂದರು, ಸಂತೆಯ ಹೆಸರಿದೆಯೇ ನೋಡಿ. ಹಳೆಯ ಪಹಣಿ, 1974ರ ಭೂಸುಧಾರಣೆಯ ನಂತರದ ಗೇಣಿ ಡಿಕ್ಲರೇಶನ್ (ಉಳುವ ಗೇಣಿದಾರರು ಭೂಮಿ ಕೇಳಿ ಕೊಟ್ಟ ಅರ್ಜಿ) ತೆಗೆಸಿದರೆ ಗದ್ದೆ ಯಾರ ಕೈಯಿಂದ ಯಾರಿಗೆ ಬಂತು ಗೊತ್ತಾಗುತ್ತದೆ.

ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಾಗದಿದ್ದರೆ ಎರಡನ್ನೂ ಬರೆಯಿರಿ, ಯಾರು ಯಾವಾಗ ಹೇಳಿದ್ದು ಅಂತ ಸೇರಿಸಿ. ಒಂದು ಪ್ರತಿ ಊರ ಶಾಲೆಗೆ, ಒಂದು ಪಂಚಾಯ್ತಿ ಗ್ರಂಥಾಲಯಕ್ಕೆ ಕೊಡಿ.