ಕಂಬಳಿ ಉದ್ಯಮಕ್ಕೆ ಇಳಿಯುವ ಮುನ್ನ: ನಿಮ್ಮ ಪ್ರೇರಣೆಯನ್ನು ಪರೀಕ್ಷಿಸುವ ಬಗೆ

ಚಳ್ಳಕೆರೆ ಕಡೆಯ ಕಂಬಳಿ ನೇಕಾರರಿಗೆ ಏನಾದರೂ ಮಾಡಬೇಕೆಂದು ಹೊರಡುವ ಯುವಕ ಯುವತಿಯರಿದ್ದಾರೆ. ಆಸೆ ಒಳ್ಳೆಯದೇ. ಆದರೆ ಎರಡನೇ ವರ್ಷವೂ ನೀವು ಆ ಕೆಲಸದಲ್ಲಿ ಉಳಿಯುತ್ತೀರಾ ಎಂಬುದು ಆ ಆಸೆ ಎಲ್ಲಿಂದ ಹುಟ್ಟಿತು ಎಂಬುದನ್ನು ಬಹಳ ಮಟ್ಟಿಗೆ ಅವಲಂಬಿಸಿದೆ. ಹಣ ಹಾಕುವ ಮೊದಲೇ ಇದನ್ನು ಪರೀಕ್ಷಿಸಿಕೊಳ್ಳಬಹುದು.

ಸಾಮಾಜಿಕ ಉದ್ಯಮಕ್ಕೆ, ಅಂದರೆ ಸಮಾಜದ ಒಳಿತಿಗಾಗಿ ನಡೆಸುವ ಉದ್ಯಮಕ್ಕೆ, ಜನ ಯಾಕೆ ಇಳಿಯುತ್ತಾರೆ ಎಂಬುದಕ್ಕೆ ಮೈರ್ ಮತ್ತು ನೊಬೋವಾ ಎಂಬ ಸಂಶೋಧಕರು 2006ರಲ್ಲಿ ನಾಲ್ಕು ಕಾರಣ ಕೊಟ್ಟರು: ಇನ್ನೊಬ್ಬರ ಕಷ್ಟಕ್ಕೆ ಮನಸ್ಸು ಮಿಡಿಯುವುದು, ಇದು ನನ್ನ ಹೊಣೆ ಎಂಬ ಭಾವ, ನನ್ನ ಕೈಲಾಗುತ್ತದೆ ಎಂಬ ವಿಶ್ವಾಸ, ಬೆನ್ನಿಗೆ ನಿಲ್ಲುವ ಜನ. 2017ರಲ್ಲಿ ಹೊಕರ್ಟ್ಸ್ ಇದಕ್ಕೆ ಅನುಭವವನ್ನೂ ಸೇರಿಸಿ ಅಳೆದಾಗ ಕೈಲಾಗುತ್ತದೆಂಬ ವಿಶ್ವಾಸದ ಪ್ರಭಾವವೇ ಎಲ್ಲಕ್ಕಿಂತ ಹೆಚ್ಚು ಎಂದು ಕಂಡುಬಂತು. ಅನುಭವದಿಂದ ಹೆಚ್ಚು ಬೆಳೆಯುವುದೂ ಅದೇ. ಇದಕ್ಕೊಂದು ಉದಾಹರಣೆ: ಮಧುರೆಯ ಕಣ್ಣಿನ ವೈದ್ಯ ಡಾ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆ ತೆರೆದದ್ದು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 58ನೇ ವಯಸ್ಸಿನಲ್ಲಿ.

ಆದ್ದರಿಂದ ಮೊದಲ ಕೆಲಸ, ಒಂದು ಉಣ್ಣೆ ಕತ್ತರಿಸುವ ಕಾಲದಿಂದ ಮುಂದಿನದರವರೆಗೆ ನೇಕಾರರ ಜೊತೆಗಿರುವುದು. ಕಚ್ಚಾ ಉಣ್ಣೆ ತೂಗಿ, ಕಸ ಮಣ್ಣು ತೆಗೆದ ಮೇಲೆ ಮತ್ತೆ ತೂಗಿ. ಕಳೆದುಹೋದದ್ದಕ್ಕೂ ದುಡ್ಡು ಕೊಟ್ಟಿರುತ್ತೀರಿ. ಒಬ್ಬ ಹೆಂಗಸು ದಿನಕ್ಕೆ ಎಷ್ಟು ನೂಲುತ್ತಾಳೆ ಬರೆದುಕೊಳ್ಳಿ. ಹುಣಸೆ ಬೀಜದ ಗಂಜಿ ಹಚ್ಚಿದ ಹಾಸು (ಮಗ್ಗದ ಉದ್ದಕ್ಕೆ ಹೂಡುವ ನೂಲು) ಮಳೆಗಾಲದಲ್ಲಿ ಒಣಗದೆ ಎಷ್ಟು ದಿನ ಮಗ್ಗ ಖಾಲಿ ನಿಲ್ಲುತ್ತದೆ ಎಂಬುದನ್ನೂ ಗುರುತಿಸಿ.

ಆಮೇಲೆ ಲೆಕ್ಕ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮೂರಿನವನ್ನು ಹಾಕಿಕೊಳ್ಳಿ. ಒಂದು ಕಂಬಳಿಗೆ ಉಣ್ಣೆ 250 ರೂಪಾಯಿ, ನೂಲಲು ಮೂರು ದಿನ ತಲಾ 350ರಂತೆ 1,050, ನೇಯಲು ಎರಡು ದಿನ ತಲಾ 400ರಂತೆ 800, ಗಂಜಿ ಮತ್ತು ಸಾಗಣೆ 150. ಒಟ್ಟು 2,250. ಗಿರಾಕಿ ಕೊಡುವುದು 2,000 ಆದರೆ ಕಂಬಳಿಯೊಂದಕ್ಕೆ 250 ನಷ್ಟ. ಇಂಥ ಕಡೆ ಮೊದಲು ಕತ್ತರಿ ಬೀಳುವುದು ನೂಲುವ ಹೆಂಗಸರ ಕೂಲಿಗೆ, ಏಕೆಂದರೆ ಅದನ್ನು ಮನೆಗೆಲಸದ ಜೊತೆ ಸೇರಿಸಿಬಿಡುತ್ತಾರೆ. ಆ ಕೂಲಿಯನ್ನು ಮುಟ್ಟದೆ ಲೆಕ್ಕ ಸರಿದೂಗಿಸುವ ದಾರಿ ಹುಡುಕಿ: ಉಣ್ಣೆ ಹಿಂಜುವ ಯಂತ್ರ, ಹೆಚ್ಚು ಬೆಲೆ ಸಿಗುವ ಹಾಸುಗಂಬಳಿ ಅಥವಾ ಚೀಲ, ಬೆಂಗಳೂರಿನ ಗಿರಾಕಿ. ಈ ಹುಡುಕಾಟ ಬೇಸರ ತರಿಸಿದರೆ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ದುಡ್ಡನ್ನು ದಾನವಾಗಿ ಕೊಡಿ, ಅದಕ್ಕೂ ಬೆಲೆಯಿದೆ.

ಕನಿಕರವೊಂದೇ ಬಂಡವಾಳವಾದರೆ ಏನಾಗುತ್ತದೆ? ಮೊದಲ ತಿಂಗಳು ಮಾರುಕಟ್ಟೆಗಿಂತ ಜಾಸ್ತಿ ಬೆಲೆ ಕೊಡುತ್ತೀರಿ, ಮೂರನೇ ತಿಂಗಳು ಮಾಲು ಮಾರದೆ ಕೈ ಎತ್ತುತ್ತೀರಿ. ಸಿಟ್ಟಿನಿಂದ ಹೊರಟವರ ತೊಡಕು ಬೇರೆ. ಸಾಹುಕಾರ ಕಡಿಮೆ ಬೆಲೆಗೆ ಕೊಳ್ಳುತ್ತಾನೆ, ನಿಜ. ಆದರೆ ಆಸ್ಪತ್ರೆಗೆ, ಮದುವೆಗೆ ಮುಂಗಡ ಕೊಡುವವನೂ ಅವನೇ. ಆ ಮುಂಗಡಕ್ಕೆ ಬದಲಿ ವ್ಯವಸ್ಥೆ ಇಲ್ಲದಿದ್ದರೆ ನೇಕಾರರು ಅವನ ಬಳಿಗೇ ಮರಳುತ್ತಾರೆ, ಅದು ಅವರ ತಪ್ಪಲ್ಲ. ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ 1976ರಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನಸ್ ಕಂಡ ತೊಡಕೂ ಇದೇ: 42 ಜನರ ಸಾಲವೆಲ್ಲ ಸೇರಿ 27 ಡಾಲರ್. ಅಷ್ಟನ್ನು ತೀರಿಸುವುದರಿಂದ ಶುರುವಾದದ್ದು ಮುಂದೆ ಬಡವರಿಗೆ ಸಣ್ಣ ಸಾಲ ಕೊಡುವ ಅಲ್ಲಿನ ಗ್ರಾಮೀಣ ಬ್ಯಾಂಕ್ ಆಯಿತು.

ಮನೆಯವರ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡಿ. ನಿಮ್ಮ ಸಂಬಳವಿಲ್ಲದೆ 12 ತಿಂಗಳು ಮನೆ ನಡೆಯುತ್ತದೆಯೇ? ನಡೆಯದಿದ್ದರೆ ಅರ್ಧ ದಿನದ ಕೆಲಸ ಇಟ್ಟುಕೊಂಡೇ ಆರಂಭಿಸಿ.

ಅನುದಾನದ ಅರ್ಜಿಗೆ ಮುಂಚೆ ಸ್ವಂತ ದುಡ್ಡಿನಲ್ಲಿ 20 ಕಂಬಳಿ ಕೊಂಡು ಮಾರಿ. ಎಷ್ಟು ಕಳೆದುಕೊಂಡರೆ ನಿಲ್ಲಿಸುತ್ತೀರೆಂದು ಮೊದಲೇ ಬರೆದಿಡಿ. ನೆಂಟರು ಪ್ರೀತಿಗೆ ಕೊಂಡದ್ದನ್ನು ಲೆಕ್ಕಕ್ಕೆ ಸೇರಿಸಬೇಡಿ. ಗುರುತಿಲ್ಲದವರು ಪೂರ್ತಿ ಬೆಲೆ ಕೊಟ್ಟದ್ದೇ ನಿಜವಾದ ಮಾರಾಟ.

ನೋಂದಣಿ ಕೊನೆಗೆ. ಲಾಭ ನೇಕಾರರಿಗೇ ಹಂಚಬೇಕೆಂದಿದ್ದರೆ ಉತ್ಪಾದಕರೇ ಸದಸ್ಯರಾಗಿರುವ ಉತ್ಪಾದಕರ ಕಂಪನಿ ಸರಿ, ಅದಕ್ಕೆ ಕನಿಷ್ಠ 10 ಉತ್ಪಾದಕರು ಬೇಕು. 2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರ ಕಂಪನಿ ಸದಸ್ಯರಿಗೆ ಲಾಭಾಂಶ ಕೊಡುವಂತಿಲ್ಲ. ಉಳಿಕೆಯನ್ನು ಉದ್ದೇಶಕ್ಕೇ ಬಳಸಬೇಕು. ಯಾವುದು ಬೇಕೆಂದು ನಿರ್ಧರಿಸುವ ಸಭೆಯಲ್ಲಿ ನೂಲುವ ಹೆಂಗಸರೂ ಕೂತಿರಲಿ, ಷೇರುಗಳೂ ಅವರ ಹೆಸರಲ್ಲಿರಲಿ.